ಚಿಪ್ಪುಮೀನುಗಳ ಮನೆಮಟ್ಟದ ಘನೀಕರಣ ಮತ್ತು ಸಂಗ್ರಹಣೆ

ಚಿಪ್ಪುಮೀನುಗಳ ಘನೀಕರಣವು ಸಿಗಡಿ, ಏಡಿ, ಮರುವಾಯಿ, ನೀಲಿಕಲ್ಲು ಮೊದಲಾದ ಜಲಚರಗಳನ್ನು ತಾಜಾ ಸ್ಥಿತಿಯಲ್ಲಿರುವಾಗಲೇ ಶುಚಿಗೊಳಿಸಿ, ಅವುಗಳಲ್ಲಿರುವ ನೀರಿನಂಶವನ್ನು ಹೆಪ್ಪುಗಟ್ಟಿಸಿ, -18° ಸೆಲ್ಸಿಯಸ್ ಅಥವಾ ಅದಕ್ಕಿಂತ ಕಡಿಮೆ ಉಷ್ಣತೆಯಲ್ಲಿ ಕಾಪಿಡುವ ಆಹಾರ ಸಂರಕ್ಷಣಾ ವಿಧಾನವಾಗಿದೆ. ಚಿಪ್ಪುಮೀನುಗಳು ಇತರ ಮೀನುಗಳಿಗಿಂತ ಶೀಘ್ರವಾಗಿ ಕೆಡುತ್ತವೆ. ಆದುದರಿಂದ ಇವುಗಳ ಸಂಗ್ರಹಣೆಯಲ್ಲಿ ಹೆಚ್ಚಿನ ಎಚ್ಚರ ಅವಶ್ಯಕ. ಘನೀಕರಣವು ಕೆಡುವ ಕ್ರಿಯೆಯನ್ನು ತಡೆಹಿಡಿಯುತ್ತದೆಯೇ ಹೊರತು ಈಗಾಗಲೇ ಕೆಟ್ಟಿರುವುದನ್ನು ಸರಿಪಡಿಸುವುದಿಲ್ಲ. ರೋಗಕಾರಕ ಸೂಕ್ಷ್ಮಜೀವಿಗಳನ್ನಾಗಲಿ ವಿಷಾಂಶಗಳನ್ನಾಗಲಿ ಪೂರ್ಣವಾಗಿ ನಾಶಪಡಿಸುವುದೂ ಇಲ್ಲ. ಈ ಲೇಖನವು ಮುಖ್ಯವಾಗಿ ಕರ್ನಾಟಕದ ಕರಾವಳಿಯಲ್ಲಿ ದೊರೆಯುವ ಚಿಪ್ಪುಮೀನುಗಳನ್ನು ಗೃಹಬಳಕೆಯ ಶೀತಕದಲ್ಲಿ ಸಂಗ್ರಹಿಸುವ ಕ್ರಮವನ್ನು ಕುರಿತದ್ದಾಗಿದೆ.

ವರ್ಗಗಳು ಮತ್ತು ಸ್ಥಳೀಯ ಹೆಸರುಗಳು

ಹೆಸರಿನಲ್ಲಿ ‘ಮೀನು’ ಎಂದಿದ್ದರೂ ಚಿಪ್ಪುಮೀನುಗಳು ಜೀವಶಾಸ್ತ್ರದ ದೃಷ್ಟಿಯಿಂದ ಮೀನುಗಳಲ್ಲ. ಇವು ಬೆನ್ನುಮೂಳೆಯಿಲ್ಲದ ಪ್ರಾಣಿಗಳು. ಆಹಾರವಾಗಿ ಬಳಸುವ ಚಿಪ್ಪುಮೀನುಗಳನ್ನು ಎರಡು ಮುಖ್ಯ ವರ್ಗಗಳಾಗಿ ವಿಂಗಡಿಸಬಹುದು.

ಕಠಿಣಚರ್ಮಿಗಳು: ಸಿಗಡಿ, ಏಡಿ ಮತ್ತು ಕಡಲನಳ್ಳಿಗಳು ಈ ವರ್ಗಕ್ಕೆ ಸೇರುತ್ತವೆ. ಸಿಗಡಿಯನ್ನು ತುಳುವಿನಲ್ಲಿ ಎಟ್ಟಿ ಎಂದೂ ಕೊಂಕಣಿಯಲ್ಲಿ ಸುಂಗಟ ಎಂದೂ ಕರೆಯುತ್ತಾರೆ. ಏಡಿಗೆ ತುಳುವಿನಲ್ಲಿ ಡೆಂಜಿ, ಕೊಂಕಣಿಯಲ್ಲಿ ಕುರ್ಲಿ ಎಂಬ ಹೆಸರುಗಳಿವೆ.

ಮೃದ್ವಂಗಿಗಳು: ಎರಡು ಚಿಪ್ಪುಗಳ ನಡುವೆ ಮಾಂಸವಿರುವ ಮರುವಾಯಿ, ನೀಲಿಕಲ್ಲು (ತುಳುವಿನ ಪಚ್ಚಿಲೆ) ಮತ್ತು ಕಲ್ಲಿಗೆ ಅಂಟಿಕೊಂಡು ಬೆಳೆಯುವ ಸಿಂಪಿಗಳು ಇದರಲ್ಲಿ ಸೇರಿವೆ. ಮರುವಾಯಿಯು ತುಳುನಾಡಿನ ಹೆಸರು. ಉತ್ತರ ಕನ್ನಡದಲ್ಲಿ ಬಳಚು ಅಥವಾ ಚಿಪ್ಪಿಕಲ್ಲು ಎಂದೂ ಕೊಂಕಣಿಯಲ್ಲಿ ಖುಬೆ, ತಿಸ್ರ್ಯೊ ಎಂದೂ ಇವುಗಳ ಬೇರೆ ಬೇರೆ ಬಗೆಗಳನ್ನು ಕರೆಯುವುದುಂಟು. ಮಂಗಳೂರಿನ ಮಾರುಕಟ್ಟೆಯಲ್ಲಿ ಬೊಂಡಾಸ್ ಎಂದು ಪ್ರಸಿದ್ಧವಾದ ಪ್ರಾಣಿಯೂ ಮೃದ್ವಂಗಿಯೇ. ಆದರೆ ಅದಕ್ಕೆ ಹೊರಚಿಪ್ಪಿಲ್ಲ.

ಕರ್ನಾಟಕದ ಅಳಿವೆಗಳಲ್ಲಿ ಮೆರೆಟ್ರಿಕ್ಸ್ ಕಾಸ್ಟಾ, ಪಾಫಿಯಾ ಮಲಬಾರಿಕಾ, ವಿಲ್ಲೊರಿಟಾ ಸಿಪ್ರಿನಾಯ್ಡಿಸ್ ಎಂಬ ಮರುವಾಯಿ ಪ್ರಭೇದಗಳು ದೊರೆಯುತ್ತವೆ. ಕಡಲತೀರದ ಬಂಡೆಗಳ ಮೇಲೆ ಬೆಳೆಯುವ ಹಸಿರು ಅಂಚಿನ ನೀಲಿಕಲ್ಲಿನ ವೈಜ್ಞಾನಿಕ ಹೆಸರು ಪರ್ನಾ ವಿರಿಡಿಸ್. ಚಿಪ್ಪಿಕಲ್ಲಿನ ಸಂಗ್ರಹಕ್ಕೆ ಹೆಸರಾದ ಉತ್ತರ ಕನ್ನಡ ಜಿಲ್ಲೆಯ ಅಘನಾಶಿನಿ ಅಳಿವೆಯು 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿತು.

ಹಿನ್ನೆಲೆ

ಶೀತಕಗಳು ಬರುವ ಮೊದಲು ಕರಾವಳಿಯ ಮನೆಗಳಲ್ಲಿ ಚಿಪ್ಪುಮೀನುಗಳನ್ನು ಕಾಪಿಡುವ ಮುಖ್ಯ ಮಾರ್ಗವೆಂದರೆ ಒಣಗಿಸುವುದು. ಸಣ್ಣ ಸಿಗಡಿಯನ್ನು ಬೇಸಿಗೆಯ ಬಿಸಿಲಿನಲ್ಲಿ ಒಣಗಿಸಿ, ಗಾಳಿಯಾಡದಂತೆ ಡಬ್ಬಿಗಳಲ್ಲಿ ತುಂಬಿಟ್ಟು ಮಳೆಗಾಲದಲ್ಲಿ ಚಟ್ನಿ ಮತ್ತು ಪಲ್ಯಗಳಿಗೆ ಬಳಸುವ ರೂಢಿ ಇಂದಿಗೂ ಇದೆ. ಮರುವಾಯಿ ಹಾಗೂ ಏಡಿಗಳನ್ನು ಮಾತ್ರ ತಂದ ದಿನವೇ ಅಡುಗೆ ಮಾಡುವುದು ಪದ್ಧತಿಯಾಗಿತ್ತು.

ಭಾರತದಿಂದ ಘನೀಕೃತ ಸಿಗಡಿಯ ರಫ್ತು 1953ರಲ್ಲಿ ಕೊಚ್ಚಿಯಿಂದ ಆರಂಭವಾಯಿತು. 1957ರಲ್ಲಿ ಅದೇ ನಗರದಲ್ಲಿ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯೂ 1969ರಲ್ಲಿ ಮಂಗಳೂರಿನಲ್ಲಿ ಮೀನುಗಾರಿಕಾ ಕಾಲೇಜೂ ಸ್ಥಾಪನೆಗೊಂಡವು.

ಪಶ್ಚಿಮ ಕರಾವಳಿಯಲ್ಲಿ ಪ್ರತಿವರ್ಷ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ಕಾಲ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಆ ಅವಧಿಯಲ್ಲಿ ಆವಕ ಕುಗ್ಗಿ ಬೆಲೆ ಏರುವುದರಿಂದ, ಮೇ ತಿಂಗಳಲ್ಲಿಯೇ ಸಿಗಡಿಯನ್ನು ಕೊಂಡು ಘನೀಕರಿಸಿಡುವ ಕುಟುಂಬಗಳುಂಟು. ಬೆಂಗಳೂರು, ಮುಂಬಯಿ ಮೊದಲಾದ ನಗರಗಳಲ್ಲಿ ನೆಲೆಸಿರುವ ಕರಾವಳಿಗರು ಊರಿನಿಂದ ಹಿಂತಿರುಗುವಾಗ ಹೆಪ್ಪುಗಟ್ಟಿದ ಕಟ್ಟುಗಳನ್ನು ಕೊಂಡೊಯ್ಯುವುದೂ ಸಾಮಾನ್ಯವಾಗಿದೆ.

ಶೀಘ್ರವಾಗಿ ಕೆಡಲು ಕಾರಣಗಳು

ಚಿಪ್ಪುಮೀನುಗಳ ಮಾಂಸದಲ್ಲಿ ನೀರಿನಂಶ ಮತ್ತು ಬಿಡಿ ಅಮೈನೋ ಆಮ್ಲಗಳು ಅಧಿಕವಾಗಿರುತ್ತವೆ. ಇವುಗಳ ಸಿಹಿ ರುಚಿಗೆ ಕಾರಣವಾದ ಈ ಅಮೈನೋ ಆಮ್ಲಗಳೇ ಬ್ಯಾಕ್ಟೀರಿಯಾಗಳಿಗೂ ಸುಲಭವಾದ ಆಹಾರವಾಗುತ್ತವೆ.

ಎರಡನೆಯ ಕಾರಣ ಪ್ರಾಣಿಯ ದೇಹದಲ್ಲಿಯೇ ಇರುವ ಕಿಣ್ವಗಳು. ಸಿಗಡಿಯ ತಲೆಯ ಭಾಗದಲ್ಲಿ ಜೀರ್ಣಾಂಗಗಳಿದ್ದು, ಪ್ರಾಣಿಯು ಸತ್ತ ನಂತರ ಅಲ್ಲಿನ ಕಿಣ್ವಗಳು ಹೊರಹರಿದು ಪಕ್ಕದ ಮಾಂಸವನ್ನು ಮೆತ್ತಗಾಗಿಸುತ್ತವೆ. ಸಿಗಡಿಯ ಚಿಪ್ಪಿನ ಅಡಿಯಲ್ಲಿ ಮೂಡುವ ಕಪ್ಪು ಕಲೆಗಳಿಗೆ ಪಾಲಿಫಿನಾಲ್ ಆಕ್ಸಿಡೇಸ್ ಎಂಬ ಕಿಣ್ವವು ಕಾರಣ. ಈ ಕಲೆಗಳು ಸ್ವತಃ ಹಾನಿಕರವಲ್ಲವಾದರೂ ಸಿಗಡಿಯನ್ನು ಹಿಡಿದು ಬಹಳ ಹೊತ್ತಾಗಿದೆ ಎಂಬುದನ್ನು ಸೂಚಿಸುತ್ತವೆ. ಸತ್ತ ಏಡಿಯ ಮಾಂಸವು ಕೆಲವೇ ಗಂಟೆಗಳಲ್ಲಿ ಸಡಿಲವಾಗುವುದಕ್ಕೂ ಇಂತಹ ಕಿಣ್ವಗಳೇ ಕಾರಣವಾಗಿವೆ.

ಮೂರನೆಯದಾಗಿ, ಮರುವಾಯಿ, ನೀಲಿಕಲ್ಲು ಮತ್ತು ಸಿಂಪಿಗಳು ನೀರನ್ನು ಸೋಸಿ ಆಹಾರ ಪಡೆಯುವ ಪ್ರಾಣಿಗಳು. ತಾವಿರುವ ನೀರಿನಲ್ಲಿರುವ ಬ್ಯಾಕ್ಟೀರಿಯಾ, ವೈರಸ್ ಹಾಗೂ ಸೂಕ್ಷ್ಮಪಾಚಿಗಳನ್ನು ಇವು ದೇಹದಲ್ಲಿ ಸಂಗ್ರಹಿಸಿಕೊಳ್ಳುತ್ತವೆ. ಹಾಗಾಗಿ ಚರಂಡಿಯ ನೀರು ಸೇರುವ ತೋಡು ಅಥವಾ ಅಳಿವೆಗಳಿಂದ ಹೆಕ್ಕಿದ ಚಿಪ್ಪುಗಳು ನೋಟಕ್ಕೆ ತಾಜಾ ಆಗಿದ್ದರೂ ಆಹಾರಕ್ಕೆ ಯೋಗ್ಯವಲ್ಲ.

ಘನೀಕರಣದ ತತ್ತ್ವ

ಮಾಂಸದಲ್ಲಿರುವ ನೀರಿನ ಬಹುಪಾಲು -1°ಯಿಂದ -5° ಸೆಲ್ಸಿಯಸ್‌ವರೆಗಿನ ಉಷ್ಣತೆಯಲ್ಲಿ ಮಂಜಾಗಿ ಪರಿವರ್ತನೆ ಹೊಂದುತ್ತದೆ. ಈ ಹಂತವನ್ನು ಎಷ್ಟು ಶೀಘ್ರವಾಗಿ ದಾಟಲಾಗುತ್ತದೆಯೋ ಮಂಜಿನ ಹರಳುಗಳು ಅಷ್ಟು ಸಣ್ಣದಾಗಿರುತ್ತವೆ. ನಿಧಾನವಾಗಿ ಹೆಪ್ಪುಗಟ್ಟಿದರೆ ಹರಳುಗಳು ದೊಡ್ಡದಾಗಿ ಬೆಳೆದು ಜೀವಕೋಶಗಳ ಪೊರೆಯನ್ನು ಸೀಳುತ್ತವೆ. ಅಂತಹ ಮಾಂಸವನ್ನು ಕರಗಿಸಿದಾಗ ರಸವು ಸೋರಿಹೋಗಿ ಉಳಿದದ್ದು ಒಣಗಿದ ನಾರಿನಂತಾಗುತ್ತದೆ.

ಕಾರ್ಖಾನೆಗಳಲ್ಲಿ ಸುಮಾರು -40° ಸೆಲ್ಸಿಯಸ್‌ನಲ್ಲಿ ಘನೀಕರಿಸುವುದರಿಂದ ಈ ತೊಂದರೆ ಕಡಿಮೆ. ಮನೆಯ ಶೀತಕಕ್ಕೆ ಆ ಸಾಮರ್ಥ್ಯವಿಲ್ಲ. ಈ ಕೊರತೆಯನ್ನು ಕೆಲಮಟ್ಟಿಗೆ ತುಂಬಿಕೊಳ್ಳಲು ಒಂದು ಬಾರಿಗೆ ಸ್ವಲ್ಪ ಪ್ರಮಾಣವನ್ನು ಮಾತ್ರ, ತೆಳುವಾದ ಕಟ್ಟುಗಳಲ್ಲಿ, ಮೊದಲೇ ಚೆನ್ನಾಗಿ ತಣ್ಣಗಾಗಿಸಿ ಇಡಬೇಕಾಗುತ್ತದೆ. ಸುಮಾರು 28 ಲೀಟರ್ ಗಾತ್ರದ ಫ್ರೀಜರಿಗೆ ದಿನವೊಂದಕ್ಕೆ ಒಂದು ಕಿಲೋಗ್ರಾಂಗಿಂತ ಹೆಚ್ಚು ಹೊಸ ಆಹಾರವನ್ನು ಸೇರಿಸದಿರುವುದು ಲೇಸು.

ಒಂದೇ ಬಾಗಿಲಿನ ಫ್ರಿಜ್‌ಗಳ ಒಳಗಿರುವ ಚಿಕ್ಕ ಮಂಜುಗಡ್ಡೆಯ ಕೋಣೆಯಲ್ಲಿ -18° ಸ್ಥಿರವಾಗಿ ಉಳಿಯುವುದಿಲ್ಲ. ಬಾಗಿಲು ತೆರೆದಾಗಲೆಲ್ಲ ಉಷ್ಣತೆ ಏರುತ್ತದೆ. ಅಂತಹ ಕೋಣೆಯಲ್ಲಿ ಚಿಪ್ಪುಮೀನುಗಳನ್ನು ಕೆಲವು ದಿನಗಳ ಮಟ್ಟಿಗೆ ಮಾತ್ರ ಇಡಬಹುದು. ತಿಂಗಳುಗಟ್ಟಲೆ ಸಂಗ್ರಹಿಸಲು ಪ್ರತ್ಯೇಕ ಬಾಗಿಲಿರುವ ಅಥವಾ ಪೆಟ್ಟಿಗೆಯಾಕಾರದ ಫ್ರೀಜರ್ ಅಗತ್ಯ. ಫ್ರೀಜರಿನೊಳಗೆ ಇಡಬಹುದಾದ ಅಗ್ಗದ ಉಷ್ಣಮಾಪಕವೊಂದಿದ್ದರೆ ಈ ವಿಷಯದಲ್ಲಿ ಊಹೆಗೆ ಅವಕಾಶವಿರುವುದಿಲ್ಲ.

ಆಯ್ಕೆ

ಘನೀಕರಣಕ್ಕೆ ತಾಜಾ ಪದಾರ್ಥವನ್ನೇ ಆರಿಸಬೇಕು. ತಾಜಾ ಸಿಗಡಿಯ ಚಿಪ್ಪು ಹೊಳಪಾಗಿದ್ದು ಮಾಂಸಕ್ಕೆ ಬಿಗಿಯಾಗಿ ಅಂಟಿಕೊಂಡಿರುತ್ತದೆ; ತಲೆ ಸುಲಭವಾಗಿ ಕಳಚಿಬೀಳುವುದಿಲ್ಲ; ಕಡಲಿನ ನಸುವಾಸನೆ ಇರುತ್ತದೆಯೇ ಹೊರತು ಅಮೋನಿಯದ ಘಾಟು ಇರುವುದಿಲ್ಲ. ಮಾರುಕಟ್ಟೆಯ ಸಿಗಡಿಯು ಒಮ್ಮೆ ಹೆಪ್ಪುಗಟ್ಟಿಸಿ ಕರಗಿಸಿದ್ದೇ ಎಂಬುದನ್ನು ಮಾರುವವರಲ್ಲಿ ಕೇಳಿ ತಿಳಿಯಬೇಕು. ಹಾಗಿದ್ದಲ್ಲಿ ಅದನ್ನು ಅಂದೇ ಅಡುಗೆಗೆ ಬಳಸುವುದು ಯುಕ್ತ.

ಕೆಸರಿನಲ್ಲಿ ವಾಸಿಸುವ ದೊಡ್ಡ ಅಳಿವೆ ಏಡಿಯನ್ನು ಜೀವಂತವಾಗಿಯೇ ಕೊಳ್ಳಬೇಕು. ಸಮುದ್ರದ ಏಡಿಗಳು ಸಾಮಾನ್ಯವಾಗಿ ಮಂಜುಗಡ್ಡೆಯಲ್ಲಿ ಬರುವುದರಿಂದ ಅವುಗಳ ವಾಸನೆ ಮತ್ತು ತೂಕಗಳನ್ನು ಗಮನಿಸಬೇಕು. ಗಾತ್ರಕ್ಕೆ ತಕ್ಕ ಭಾರವಿಲ್ಲದ ಏಡಿಯಲ್ಲಿ ಮಾಂಸ ಕಡಿಮೆ.

ಮರುವಾಯಿ ಮತ್ತು ನೀಲಿಕಲ್ಲುಗಳೂ ಜೀವಂತವಾಗಿರಬೇಕು. ಬಾಯಿ ತೆರೆದಿರುವ ಚಿಪ್ಪನ್ನು ಬೆರಳಿನಿಂದ ತಟ್ಟಿದಾಗ ಅದು ಮುಚ್ಚಿಕೊಂಡರೆ ಪ್ರಾಣಿಯು ಬದುಕಿದೆ ಎಂದರ್ಥ; ಮುಚ್ಚದಿದ್ದರೆ ಎಸೆಯಬೇಕು. ಒಡೆದ ಚಿಪ್ಪುಗಳನ್ನೂ, ಒಳಗೆ ಕೆಸರು ತುಂಬಿ ಅಸಹಜವಾಗಿ ಭಾರವಾಗಿರುವ ಚಿಪ್ಪುಗಳನ್ನೂ ಬೇರ್ಪಡಿಸಬೇಕು.

ಮಾರುಕಟ್ಟೆಯಿಂದ ಮನೆಗೆ ತರುವಾಗ ಮಂಜುಗಡ್ಡೆಯ ಮೇಲಿಟ್ಟು ತರುವುದು ಉತ್ತಮ. ಸಾಮಾನ್ಯ ಉಷ್ಣತೆಯಲ್ಲಿ ಚಿಪ್ಪುಮೀನುಗಳನ್ನು ಎರಡು ಗಂಟೆಗಿಂತ ಹೆಚ್ಚು ಕಾಲ ಇಡಬಾರದು. ಕರಾವಳಿಯ ಬೇಸಿಗೆಯಂತೆ ಉಷ್ಣತೆಯು 32° ಸೆಲ್ಸಿಯಸ್ ಮೀರಿದಾಗ ಈ ಮಿತಿ ಒಂದು ಗಂಟೆ ಮಾತ್ರ.

ಘನೀಕರಿಸುವ ವಿಧಾನ

ಸಿಗಡಿ

ಸಿಗಡಿಯನ್ನು ತಲೆ ತೆಗೆದು, ಚಿಪ್ಪು ಉಳಿಸಿಕೊಂಡು, ಹಸಿಯಾಗಿಯೇ ಘನೀಕರಿಸುವುದು ಅತ್ಯುತ್ತಮ ಕ್ರಮ. ತಲೆಯೊಂದಿಗೆ ಕಿಣ್ವಗಳ ಮುಖ್ಯ ಆಕರವು ಹೊರಹೋಗುತ್ತದೆ. ಚಿಪ್ಪು ಮಾಂಸವನ್ನು ಒಣಗದಂತೆ ರಕ್ಷಿಸುತ್ತದೆ. ಬೆನ್ನಿನ ಮೇಲಿನ ಕಪ್ಪು ಎಳೆಯನ್ನು ಜನರು ನರವೆಂದು ಕರೆಯುವರಾದರೂ ಅದು ವಾಸ್ತವವಾಗಿ ಸಿಗಡಿಯ ಕರುಳು. ಇದನ್ನು ಅಡುಗೆಯ ವೇಳೆ ತೆಗೆಯಬಹುದು.

ಲೀಟರ್ ತಣ್ಣೀರಿಗೆ ಒಂದು ಚಹಾ ಚಮಚದಷ್ಟು ಉಪ್ಪು ಬೆರೆಸಿ ಸಿಗಡಿಯನ್ನು ಬೇಗನೆ ತೊಳೆದು ನೀರನ್ನು ಬಸಿಯಬೇಕು. ಬಳಿಕ ಎರಡು ಮಾರ್ಗಗಳಿವೆ. ಮೊದಲನೆಯದರಲ್ಲಿ, ತಟ್ಟೆಯ ಮೇಲೆ ಒಂದಕ್ಕೊಂದು ತಾಗದಂತೆ ಹರಡಿ ಹೆಪ್ಪುಗಟ್ಟಿಸಿ, ಮಂಜಿನಂತಹ ತಣ್ಣೀರಿನಲ್ಲಿ ಕ್ಷಣಕಾಲ ಅದ್ದಿ ಮತ್ತೆ ಫ್ರೀಜರಿನಲ್ಲಿಡುತ್ತಾರೆ. ಹೀಗೆ ಎರಡು ಮೂರು ಬಾರಿ ಮಾಡಿದರೆ ಪ್ರತಿ ಸಿಗಡಿಯ ಸುತ್ತ ಮಂಜಿನ ತೆಳುಕವಚ ಮೂಡುತ್ತದೆ. ಎರಡನೆಯದರಲ್ಲಿ, ಡಬ್ಬಿಯಲ್ಲಿ ಸಿಗಡಿಯನ್ನು ತುಂಬಿ ಅದು ಮುಳುಗುವಷ್ಟು ತಣ್ಣೀರು ಹಾಕಿ ಗಟ್ಟಿಯಾಗಿಸುತ್ತಾರೆ. ಬಿಡಿಬಿಡಿಯಾಗಿ ತೆಗೆದು ಬಳಸಲು ಮೊದಲ ಮಾರ್ಗ ಅನುಕೂಲ. ಒಮ್ಮೆಗೆ ಸಾಕಾಗುವಷ್ಟನ್ನು ಒಂದೊಂದು ಡಬ್ಬಿಯಲ್ಲಿಡುವವರಿಗೆ ಎರಡನೆಯದು ಸುಲಭ.

ಅರಿಶಿನ ಮತ್ತು ಉಪ್ಪು ಸವರಿ ಫ್ರೀಜರಿನಲ್ಲಿಡುವ ವಾಡಿಕೆಯೂ ಇದೆ. ಆದರೆ ಉಪ್ಪು ಮಾಂಸದ ನೀರನ್ನು ಹೊರಸೆಳೆಯುವುದಲ್ಲದೆ ಕೊಬ್ಬು ಹಳಸುವುದನ್ನು ತ್ವರಿತಗೊಳಿಸುತ್ತದೆ. ದೀರ್ಘಕಾಲ ಇಡುವುದಾದರೆ ಉಪ್ಪನ್ನು ಅಡುಗೆಯ ವೇಳೆಗೆ ಉಳಿಸಿಕೊಳ್ಳುವುದೇ ಸರಿ.

ಏಡಿ

ಏಡಿಯನ್ನು ಹಸಿಯಾಗಿ ಘನೀಕರಿಸಿದರೆ ಮಾಂಸವು ಚಿಪ್ಪಿಗೆ ಅಂಟಿಕೊಂಡು ಬಣ್ಣಗೆಡುತ್ತದೆ. ಆದ್ದರಿಂದ ಮೊದಲು ಬೇಯಿಸುವುದು ವಾಡಿಕೆ. ಜೀವಂತ ಏಡಿಯನ್ನು ಮಂಜುಗಡ್ಡೆಯಲ್ಲಿ ಇಟ್ಟು ನಿಶ್ಚೇಷ್ಟಗೊಳಿಸಿದ ನಂತರ ಮೇಲ್ಚಿಪ್ಪನ್ನೂ ಕಿವಿರುಗಳನ್ನೂ ತೆಗೆದು ಶುಚಿ ಮಾಡಬೇಕು. ದೇಹದ ಭಾಗವನ್ನೂ ಕೊಂಬುಗಳನ್ನೂ ಕುದಿಯುವ ನೀರಿನಲ್ಲಿ ಸುಮಾರು ಐದು ನಿಮಿಷ ಬೇಯಿಸಿ, ಕೂಡಲೇ ತಣ್ಣೀರಿನಲ್ಲಿ ತಣಿಸಿ, ನೀರು ಬಸಿದು ಗಾಳಿಯಿಲ್ಲದಂತೆ ಕಟ್ಟಬೇಕು. ಈ ಬೇಯಿಸುವಿಕೆಯ ಉದ್ದೇಶ ಕಿಣ್ವಗಳನ್ನು ನಿಷ್ಕ್ರಿಯಗೊಳಿಸುವುದಷ್ಟೇ. ಊಟಕ್ಕೆ ಮೊದಲು ಮತ್ತೆ ಪೂರ್ಣವಾಗಿ ಬೇಯಿಸಬೇಕು.

ಮರುವಾಯಿ ಮತ್ತು ನೀಲಿಕಲ್ಲು

ಮರುವಾಯಿಯನ್ನು ಹಲವು ನೀರುಗಳಲ್ಲಿ ಉಜ್ಜಿ ತೊಳೆದ ನಂತರ, ಒಳಗಿನ ಮರಳು ಹೊರಬೀಳಲು ಉಪ್ಪುನೀರಿನಲ್ಲಿ ಕೆಲವು ಗಂಟೆಗಳ ಕಾಲ ಇಡುತ್ತಾರೆ. ಸಿಹಿನೀರಿನಲ್ಲಿ, ಅದರಲ್ಲೂ ಕ್ಲೋರಿನ್ ಬೆರೆತ ನಲ್ಲಿಯ ನೀರಿನಲ್ಲಿ ದೀರ್ಘಕಾಲ ನೆನೆಹಾಕಿದರೆ ಅವು ಸಾಯುತ್ತವೆ. ಅಡುಗೆಗೆ ಮೊದಲು ಒಂದು ದಿನ ಇಡಬೇಕಾದಲ್ಲಿ ಫ್ರಿಜ್‌ನಲ್ಲಿ, ಅಗಲವಾದ ಪಾತ್ರೆಯಲ್ಲಿ, ಒದ್ದೆ ಬಟ್ಟೆ ಮುಚ್ಚಿ ಇಡಬೇಕು. ಬಿಗಿಯಾಗಿ ಕಟ್ಟಿದ ಪ್ಲಾಸ್ಟಿಕ್ ಚೀಲದಲ್ಲಿ ಅವು ಉಸಿರುಕಟ್ಟಿ ಸಾಯುತ್ತವೆ. ನೀಲಿಕಲ್ಲಿನ ಚಿಪ್ಪಿನಿಂದ ಹೊರಚಾಚಿರುವ ನಾರಿನ ಗಂಟನ್ನು ಎಳೆದು ತೆಗೆಯಬೇಕು.

ಘನೀಕರಿಸಲು ಚಿಪ್ಪುಗಳನ್ನು ಮುಚ್ಚಿದ ಪಾತ್ರೆಯಲ್ಲಿ ಸ್ವಲ್ಪ ನೀರಿನೊಂದಿಗೆ ಬಾಯಿ ತೆರೆಯುವವರೆಗೆ ಹಬೆಯಲ್ಲಿ ಬೇಯಿಸಬೇಕು. ತೆರೆಯದೆ ಉಳಿದವುಗಳನ್ನು ಎಸೆಯಬೇಕು. ಮಾಂಸವನ್ನು ಬಿಡಿಸಿ, ಪಾತ್ರೆಯಲ್ಲಿ ಉಳಿದ ರಸವನ್ನು ತೆಳುಬಟ್ಟೆಯಲ್ಲಿ ಸೋಸಿ ತಣಿಸಿ, ಆ ರಸದಲ್ಲಿಯೇ ಮಾಂಸ ಮುಳುಗುವಂತೆ ಡಬ್ಬಿಗೆ ತುಂಬಬೇಕು. ನೀರು ಮಂಜಾದಾಗ ಹಿಗ್ಗುವುದರಿಂದ ಡಬ್ಬಿಯ ಮೇಲ್ಭಾಗದಲ್ಲಿ ಒಂದು ಬೆರಳಿನಷ್ಟು ಜಾಗ ಬಿಡಬೇಕು. ಈ ರಸವು ಮಾಂಸವನ್ನು ಒಣಗದಂತೆ ಕಾಯುವುದಲ್ಲದೆ ಪದಾರ್ಥಕ್ಕೆ ರುಚಿಯನ್ನೂ ಕೊಡುತ್ತದೆ.

ಹಸಿ ಮರುವಾಯಿಯನ್ನು ಸ್ವಲ್ಪ ಹೊತ್ತು ಫ್ರೀಜರಿನಲ್ಲಿಟ್ಟರೆ ಸ್ನಾಯುಗಳು ಸಡಿಲಗೊಂಡು ಚಿಪ್ಪು ಸುಲಭವಾಗಿ ತೆರೆಯುತ್ತದೆ. ಮೆಟ್ಟುಕತ್ತಿಯ ಮೇಲೆ ಒಂದೊಂದಾಗಿ ಬಿಡಿಸುವ ಶ್ರಮ ಇದರಿಂದ ತಗ್ಗುವುದರಿಂದ ಅನೇಕ ಮನೆಗಳಲ್ಲಿ ಈ ಉಪಾಯ ಬಳಕೆಯಲ್ಲಿದೆ. ಇದು ಸಂಗ್ರಹಣೆಯ ವಿಧಾನವಲ್ಲ. ಹೀಗೆ ತೆರೆದ ಮರುವಾಯಿಯನ್ನು ಅಂದೇ ಬೇಯಿಸಬೇಕು.

ಬೊಂಡಾಸ್

ಬೊಂಡಾಸ್‌ನ ತಲೆ, ಒಳಗಿನ ಪಾರದರ್ಶಕ ಎಲುಬಿನಂತಹ ಕಡ್ಡಿ, ಮಸಿಚೀಲ ಮತ್ತು ಹೊರಪೊರೆಗಳನ್ನು ತೆಗೆದು ತೊಳೆದು ಹಸಿಯಾಗಿಯೇ ಘನೀಕರಿಸಬಹುದು. ಮಂಜಿನ ಹರಳುಗಳು ಇದರ ಗಟ್ಟಿ ನಾರುಗಳನ್ನು ಸಡಿಲಿಸುವುದರಿಂದ ಘನೀಕೃತ ಬೊಂಡಾಸ್ ಕೆಲವೊಮ್ಮೆ ಇನ್ನಷ್ಟು ಮೃದುವಾಗಿರುತ್ತದೆ.

ಕಟ್ಟುವಿಕೆ ಮತ್ತು ಸಂಗ್ರಹಣಾ ಅವಧಿ

ಫ್ರೀಜರಿನ ಒಣ ಗಾಳಿಗೆ ತೆರೆದುಕೊಂಡ ಮಾಂಸದಿಂದ ಮಂಜು ನೇರವಾಗಿ ಆವಿಯಾಗಿ ಹೋಗುತ್ತದೆ. ಆಗ ಮೇಲ್ಮೈಯಲ್ಲಿ ಬಿಳಿಚಿದ ಒಣ ಕಲೆಗಳು ಮೂಡಿ ರುಚಿ ಕೆಡುತ್ತದೆ. ಇದನ್ನು ತಡೆಯಲು ದಪ್ಪನೆಯ ಚೀಲಗಳನ್ನು ಬಳಸಿ, ಗಾಳಿಯನ್ನು ಪೂರ್ತಿಯಾಗಿ ಒತ್ತಿ ಹೊರಹಾಕಿ ಮುಚ್ಚಬೇಕು. ತರಕಾರಿ ಅಂಗಡಿಯ ತೆಳು ಚೀಲಗಳು ಇದಕ್ಕೆ ಸಾಲವು. ಪ್ರತಿ ಕಟ್ಟಿನ ಮೇಲೆ ಪದಾರ್ಥದ ಹೆಸರು ಮತ್ತು ದಿನಾಂಕ ಬರೆದು, ಹಳೆಯದನ್ನು ಮೊದಲು ಬಳಸಬೇಕು.

ಸ್ಥಿರವಾದ -18° ಸೆಲ್ಸಿಯಸ್‌ನಲ್ಲಿ ಉತ್ತಮ ರುಚಿ ಉಳಿಯುವ ಅಂದಾಜು ಅವಧಿಗಳು ಹೀಗಿವೆ:

- ಚಿಪ್ಪುಸಹಿತ ಹಸಿ ಸಿಗಡಿ: 6 ತಿಂಗಳು
- ಚಿಪ್ಪು ಬಿಡಿಸಿದ ಹಸಿ ಸಿಗಡಿ: 3ರಿಂದ 4 ತಿಂಗಳು
- ಬೇಯಿಸಿದ ಸಿಗಡಿ: 2ರಿಂದ 3 ತಿಂಗಳು
- ಬೇಯಿಸಿದ ಏಡಿ: 2ರಿಂದ 3 ತಿಂಗಳು
- ರಸದಲ್ಲಿ ಮುಳುಗಿಸಿದ ಮರುವಾಯಿ, ನೀಲಿಕಲ್ಲು: 3 ತಿಂಗಳು
- ಬೊಂಡಾಸ್: 3ರಿಂದ 6 ತಿಂಗಳು

ಫ್ರಿಜ್‌ನ ಸಾಮಾನ್ಯ ಭಾಗದಲ್ಲಿ, ಅಂದರೆ 4° ಸೆಲ್ಸಿಯಸ್ ಅಥವಾ ಅದಕ್ಕಿಂತ ಕಡಿಮೆ ಉಷ್ಣತೆಯಲ್ಲಿ, ಹಸಿ ಸಿಗಡಿ ಮತ್ತು ಬೊಂಡಾಸ್‌ಗಳನ್ನು ಒಂದರಿಂದ ಎರಡು ದಿನ ಮಾತ್ರ ಇಡಬಹುದು. ಜೀವಂತ ಏಡಿಯನ್ನು ಅಂದೇ ಬೇಯಿಸುವುದು ಒಳ್ಳೆಯದು.

ಕರಗಿಸುವಿಕೆ ಮತ್ತು ಬೇಯಿಸುವಿಕೆ

ಹೆಪ್ಪುಗಟ್ಟಿದ ಕಟ್ಟನ್ನು ಹಿಂದಿನ ರಾತ್ರಿಯೇ ಫ್ರಿಜ್‌ನ ಕೆಳಭಾಗಕ್ಕೆ ವರ್ಗಾಯಿಸಿ ಕರಗಿಸುವುದು ಸುರಕ್ಷಿತ. ಅವಸರವಿದ್ದಲ್ಲಿ ನೀರು ಒಳಹೋಗದಂತೆ ಮುಚ್ಚಿದ ಚೀಲವನ್ನು ತಣ್ಣೀರಿನಲ್ಲಿ ಮುಳುಗಿಸಿ, ಅರ್ಧ ಗಂಟೆಗೊಮ್ಮೆ ನೀರು ಬದಲಾಯಿಸಬಹುದು. ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಅಥವಾ ಬಿಸಿನೀರಿನಲ್ಲಿ ಕರಗಿಸಿದರೆ ಒಳಭಾಗವು ಗಟ್ಟಿಯಾಗಿರುವಾಗಲೇ ಹೊರಭಾಗದಲ್ಲಿ ಬ್ಯಾಕ್ಟೀರಿಯಾಗಳು ವೃದ್ಧಿಸುತ್ತವೆ. ರಸಸಹಿತ ಮರುವಾಯಿಯನ್ನು ಕರಗಿಸದೆ ನೇರವಾಗಿ ಕುದಿಯುವ ಮಸಾಲೆಗೆ ಹಾಕಬಹುದು. ಹೊರಗಿನ ಉಷ್ಣತೆಯಲ್ಲಿ ಕರಗಿದುದನ್ನು ಮತ್ತೆ ಘನೀಕರಿಸಬಾರದು.

ಚಿಪ್ಪುಮೀನಿನ ಒಳಭಾಗವು ಕನಿಷ್ಠ 63° ಸೆಲ್ಸಿಯಸ್ ತಲುಪುವಂತೆ ಬೇಯಿಸಬೇಕೆಂಬುದು ಸಾಮಾನ್ಯ ನಿಯಮ. ಬೆಂದ ಸಿಗಡಿಯ ಮಾಂಸವು ಪಾರದರ್ಶಕತೆಯನ್ನು ಕಳೆದುಕೊಂಡು ಬಿಳುಪಾಗುತ್ತದೆ.

ವಿದ್ಯುತ್ ಕಡಿತದ ಸಂದರ್ಭ

ಕರಾವಳಿಯಲ್ಲಿ ಮಳೆಗಾಲದ ಗಾಳಿಗೆ ಮರಗಳು ಉರುಳಿ ವಿದ್ಯುತ್ ದೀರ್ಘಕಾಲ ಕಡಿತಗೊಳ್ಳುವುದುಂಟು. ಬಾಗಿಲು ತೆರೆಯದಿದ್ದಲ್ಲಿ, ತುಂಬಿದ ಫ್ರೀಜರ್ ಸುಮಾರು 48 ಗಂಟೆ, ಅರ್ಧ ತುಂಬಿದ ಫ್ರೀಜರ್ ಸುಮಾರು 24 ಗಂಟೆ ತಂಪನ್ನು ಉಳಿಸಿಕೊಳ್ಳುತ್ತದೆ. ಫ್ರಿಜ್‌ನ ಸಾಮಾನ್ಯ ಭಾಗಕ್ಕೆ ಈ ಅವಧಿ 4 ಗಂಟೆ ಮಾತ್ರ. ಖಾಲಿ ಜಾಗದಲ್ಲಿ ನೀರಿನ ಬಾಟಲಿಗಳನ್ನು ಹೆಪ್ಪುಗಟ್ಟಿಸಿಟ್ಟರೆ ತಂಪು ಹೆಚ್ಚು ಕಾಲ ಉಳಿಯುತ್ತದೆ.

ಮನೆಯವರು ಊರಿನಲ್ಲಿಲ್ಲದಾಗ ವಿದ್ಯುತ್ ಹೋಗಿ ಮರಳಿ ಬಂದರೆ ಕರಗಿದ ಆಹಾರವು ಪುನಃ ಗಟ್ಟಿಯಾಗಿ, ಏನೂ ಆಗಿಲ್ಲವೆಂಬಂತೆ ಕಾಣುತ್ತದೆ. ಇದನ್ನು ಪತ್ತೆಹಚ್ಚಲು ಬಟ್ಟಲಿನಲ್ಲಿ ನೀರನ್ನು ಹೆಪ್ಪುಗಟ್ಟಿಸಿ ಅದರ ಮೇಲೆ ನಾಣ್ಯವೊಂದನ್ನು ಇಡುವ ಸರಳ ಉಪಾಯವಿದೆ. ಹಿಂತಿರುಗಿದಾಗ ನಾಣ್ಯವು ಮಂಜಿನ ತಳದಲ್ಲಿದ್ದರೆ ಫ್ರೀಜರಿನ ಪದಾರ್ಥಗಳೂ ಕರಗಿದ್ದವೆಂದು ತಿಳಿದು ಚಿಪ್ಪುಮೀನುಗಳನ್ನು ಎಸೆಯಬೇಕು. ಮಂಜಿನ ಹರಳುಗಳು ಇನ್ನೂ ಉಳಿದಿರುವ ಕಟ್ಟುಗಳನ್ನು ಪುನಃ ಘನೀಕರಿಸಬಹುದಾದರೂ ರುಚಿ ಕುಂದುತ್ತದೆ.

ಆರೋಗ್ಯ ಮತ್ತು ಘನೀಕರಣದ ಮಿತಿಗಳು

ಕಡಲಿನ ನೀರಿನಲ್ಲಿ ಸಹಜವಾಗಿರುವ ವಿಬ್ರಿಯೊ ಬ್ಯಾಕ್ಟೀರಿಯಾಗಳ ಸಂಖ್ಯೆ ಘನೀಕರಣದಿಂದ ಕಡಿಮೆಯಾಗಬಹುದೇ ಹೊರತು ಅವು ನಿರ್ಮೂಲವಾಗುವುದಿಲ್ಲ. ಕಾಮಾಲೆಗೆ ಕಾರಣವಾಗುವ ಹೆಪಟೈಟಿಸ್-ಎ ವೈರಸ್ ಮತ್ತು ವಾಂತಿಭೇದಿಗೆ ಕಾರಣವಾಗುವ ನೊರೊವೈರಸ್‌ಗಳು ಫ್ರೀಜರಿನಲ್ಲಿಯೂ ಉಳಿಯುತ್ತವೆ. ಇವುಗಳಿಂದ ಪಾರಾಗಲು ಚೆನ್ನಾಗಿ ಬೇಯಿಸುವುದು ಅನಿವಾರ್ಯ. ಯಕೃತ್ತಿನ ಕಾಯಿಲೆ ಅಥವಾ ಮಧುಮೇಹವಿರುವವರು, ಗರ್ಭಿಣಿಯರು ಮತ್ತು ವೃದ್ಧರು ಹಸಿ ಅಥವಾ ಅರೆಬೆಂದ ಚಿಪ್ಪುಮೀನುಗಳನ್ನು ಸೇವಿಸಬಾರದು.

ಬೇಯಿಸುವಿಕೆಯಿಂದಲೂ ನಾಶವಾಗದ ಅಪಾಯವೊಂದಿದೆ. ಕೆಲವು ಸೂಕ್ಷ್ಮಪಾಚಿಗಳು ಉತ್ಪಾದಿಸುವ ಸ್ಯಾಕ್ಸಿಟಾಕ್ಸಿನ್ ಎಂಬ ವಿಷವು ಅವುಗಳನ್ನು ಸೋಸಿ ತಿನ್ನುವ ಮರುವಾಯಿ, ನೀಲಿಕಲ್ಲುಗಳಲ್ಲಿ ಸಂಚಯವಾಗುತ್ತದೆ. ಈ ವಿಷಕ್ಕೆ ಬಣ್ಣ, ವಾಸನೆ, ರುಚಿಗಳಿಲ್ಲ. ಕುದಿಸುವುದರಿಂದಾಗಲಿ ಘನೀಕರಿಸುವುದರಿಂದಾಗಲಿ ಇದು ಅಳಿಯುವುದಿಲ್ಲ. 1983ರಲ್ಲಿ ಮಂಗಳೂರಿನ ಸಮೀಪದ ಕುಂಬ್ಳೆಯ ಅಳಿವೆಯಿಂದ ತಂದ ಮರುವಾಯಿಯನ್ನು ತಿಂದು ಬಾಲಕನೊಬ್ಬನು ಮೃತಪಟ್ಟು ಹಲವರು ಆಸ್ಪತ್ರೆ ಸೇರಿದ ಘಟನೆ ದಾಖಲಾಗಿದೆ. 1997ರಲ್ಲಿ ಕೇರಳದ ವಿಳಿಂಜಂನಲ್ಲಿ ನೀಲಿಕಲ್ಲಿನ ಸೇವನೆಯಿಂದ ಇಂತಹುದೇ ಸಾವುನೋವುಗಳು ಸಂಭವಿಸಿದವು. ತುಟಿ ಮತ್ತು ನಾಲಗೆ ಜುಮುಗುಟ್ಟುವುದು, ಬೆರಳುಗಳು ಮರಗಟ್ಟುವುದು, ಮಾತು ತೊದಲುವುದು, ಉಸಿರಾಟಕ್ಕೆ ಕಷ್ಟವಾಗುವುದು ಇದರ ಲಕ್ಷಣಗಳು. ಊಟವಾದ ಕೆಲವು ನಿಮಿಷಗಳಿಂದ ಕೆಲವು ಗಂಟೆಗಳೊಳಗೆ ಇವು ಕಾಣಿಸಿಕೊಳ್ಳುತ್ತವೆ. ಇದಕ್ಕೆ ಪ್ರತಿವಿಷವಿಲ್ಲ, ಸಕಾಲದಲ್ಲಿ ಆಸ್ಪತ್ರೆ ಸೇರಿ ಕೃತಕ ಉಸಿರಾಟದ ನೆರವು ದೊರೆತರೆ ರೋಗಿಯು ಬದುಕುವ ಸಾಧ್ಯತೆ ಹೆಚ್ಚು. ಆದುದರಿಂದ ಕಡಲಿನ ಅಥವಾ ಅಳಿವೆಯ ನೀರು ಅಸಹಜವಾಗಿ ಕೆಂಪು, ಹಸಿರು ಅಥವಾ ಕಂದು ಬಣ್ಣಕ್ಕೆ ತಿರುಗಿದ ದಿನಗಳಲ್ಲಿ ಅಲ್ಲಿನ ಚಿಪ್ಪುಗಳನ್ನು ಹೆಕ್ಕಬಾರದು. ಬಣ್ಣ ಬದಲಾಗದ ನೀರಿನಲ್ಲಿಯೂ ಈ ಪಾಚಿಗಳು ಇರಬಹುದಾದ್ದರಿಂದ, ಮೀನುಗಾರಿಕಾ ಅಥವಾ ಆರೋಗ್ಯ ಇಲಾಖೆಯ ಎಚ್ಚರಿಕೆಗಳನ್ನು ಪಾಲಿಸಬೇಕು. ಒಂದೇ ಸಂಗ್ರಹದ ಚಿಪ್ಪುಗಳನ್ನು ತಿಂದು ಯಾರಾದರೂ ಅಸ್ವಸ್ಥರಾದರೆ ಫ್ರೀಜರಿನಲ್ಲಿ ಉಳಿದಿರುವ ಭಾಗವನ್ನು ಯಾರೂ ತಿನ್ನದೆ, ಪರೀಕ್ಷೆಗಾಗಿ ಆರೋಗ್ಯ ಇಲಾಖೆಯವರಿಗೆ ಒಪ್ಪಿಸುವುದು ಸೂಕ್ತ.

ಚಿಪ್ಪುಮೀನುಗಳು ಒಗ್ಗದಿರುವವರಿಗೂ ಘನೀಕರಣದಿಂದ ಪ್ರಯೋಜನವಿಲ್ಲ. ಈ ಅಲರ್ಜಿಗೆ ಮುಖ್ಯ ಕಾರಣವಾದ ಟ್ರೋಪೊಮಯೋಸಿನ್ ಎಂಬ ಪ್ರೋಟೀನು ಶೀತಕ್ಕಾಗಲಿ ಅಡುಗೆಯ ಬಿಸಿಗಾಗಲಿ ನಾಶವಾಗುವುದಿಲ್ಲ. ಒಂದೇ ಫ್ರೀಜರಿನಲ್ಲಿ ಇತರ ಆಹಾರಗಳನ್ನೂ ಇಡುವ ಮನೆಗಳಲ್ಲಿ ಚಿಪ್ಪುಮೀನಿನ ಕಟ್ಟುಗಳನ್ನು ಸೋರದ ಡಬ್ಬಿಗಳಲ್ಲಿಟ್ಟು ಕೆಳಗಿನ ಅಂಕಣದಲ್ಲಿ ಪ್ರತ್ಯೇಕವಾಗಿ ಇರಿಸಬೇಕು.